ಬೇಲಿ ಕಾದೆವು ನಾವು, ಹೊಲ ಉತ್ತವರು ಕಾಶೀನಾಥ್

ಗೆಳೆಯರೇ, ನಿಮಗೊಂದು ನೇರ ಪ್ರಶ್ನೆ. ನೀವು ಕೊನೆಯ ಸಲ ಕನ್ನಡದಲ್ಲಿ ಬಿದ್ದು ಬಿದ್ದು ನಕ್ಕದ್ದು ಯಾವಾಗ?

ಸಿಟ್ಟು ಬಂದದ್ದು ಯಾವಾಗ ಎಂದು ಕೇಳುತ್ತಿಲ್ಲ. ಅದು ನಮಗೆ ದಿನವೂ ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ಹಳ್ಳಿಯಿಂದ ಬಂದ ಅಜ್ಜಿಯನ್ನು ಹಿಂದಿಯಲ್ಲಿ ಗದರಿದಾಗ ಬರುತ್ತದೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಮೂಲೆ ಸೇರಿದ್ದನ್ನು ಕಂಡಾಗ ಬರುತ್ತದೆ. ಸಿಟ್ಟು ನಮಗೆ ಅಪ್ಪಟ ಕನ್ನಡದಲ್ಲೇ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ದಿನ ಸಂಜೆ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಖಾರ ಮಂಡಕ್ಕಿಯ ಪೊಟ್ಟಣ ಹಿಡಿದು ನಾಲ್ಕು ಜನ ಗೆಳೆಯರು ಒಂದು ಮೊಬೈಲಿನ ಮೇಲೆ ಬಗ್ಗಿ ನಗುತ್ತೀರಲ್ಲ, ಆ ತುಣುಕು ಯಾವ ಭಾಷೆಯದು? ತೆಲುಗಿನ ಬ್ರಹ್ಮಾನಂದಂ ಅವರದೋ, ತಮಿಳಿನ ವಡಿವೇಲು ಅವರದೋ, ಹಿಂದಿಯ ಯಾವನೋ ಸ್ಟೇಜಿನ ಮೇಲೆ ನಿಂತು ಮಾತಾಡುವವನದೋ?

ತಪ್ಪೇನಿಲ್ಲ. ಅವರೆಲ್ಲ ದೊಡ್ಡ ಕಲಾವಿದರು. ನಗುವವನ ಬಾಯಿಗೆ ಬೀಗ ಹಾಕುವುದು ಈ ಪತ್ರಿಕೆಯ ಕೆಲಸವೂ ಅಲ್ಲ. ಆದರೆ ಸಿಟ್ಟು ಮಾತ್ರ ಕನ್ನಡದಲ್ಲಿ, ನಗು ಎಲ್ಲ ಪರಭಾಷೆಯಲ್ಲಿ ಎಂದಾದರೆ ನಮ್ಮ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಮನುಷ್ಯ ಕಲಿತ ಭಾಷೆಯಲ್ಲಿ ಲೆಕ್ಕ ಬರೆಯಬಹುದು, ಅರ್ಜಿ ಬರೆಯಬಹುದು, ಕೋರ್ಟಿನಲ್ಲಿ ವಾದವನ್ನೂ ಮಾಡಬಹುದು. ಮನಸಾರೆ ನಗುವುದಕ್ಕೆ ಮಾತ್ರ ಅವನಿಗೆ ಮನೆಯ ಭಾಷೆ ಬೇಕು. ಆ ನಗುವೂ ಹೊರಗಿನಿಂದ ಬರತೊಡಗಿದ ಮೇಲೆ ಬೋರ್ಡಿನ ಮೇಲೆ ಕನ್ನಡ ಎಷ್ಟು ದಪ್ಪಗಿದ್ದರೇನು?

ಈ ಮಾತು ಹೇಳಲು ನಮಗೆ ಒಂದು ಹೆಸರು ನೆನಪಾಗುತ್ತಿದೆ. ಸಣಕಲು ದೇಹ, ಮೂಗಿನ ಮೇಲೆ ದಪ್ಪ ಫ್ರೇಮಿನ ಕನ್ನಡಕ, ಅದರ ಕೆಳಗೆ ಮೀಸೆ. 2018ರ ಜನವರಿ 18ರಂದು ಬೆಂಗಳೂರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಕಾಶೀನಾಥ್. ಅಂದು ಎಲ್ಲರೂ ಹಾರ ಹಾಕಿದೆವು, ಒಳ್ಳೆಯ ಮಾತಾಡಿದೆವು, ಮರೆತೆವು. ಅವರು ದಾವಣಗೆರೆಯವರಲ್ಲ, ಹರಿಹರದವರೂ ಅಲ್ಲ. 1951ರಲ್ಲಿ ಕುಂದಾಪುರದ ಕಡೆ ಹುಟ್ಟಿದವರು. ಆದರೂ ಈ ಊರಿನ ಹುಡುಗರ ಮುಂದೆ ಅವರ ಮಾತನ್ನು ಎತ್ತುತ್ತಿದ್ದೇವೆ. ಏಕೆಂದರೆ ಅವರು ಮಾಡಿದ ಕೆಲಸವನ್ನು ಮಾಡಲು ಬೇಕಾದ ಸಾಮಾನೆಲ್ಲ ನಿಮ್ಮ ಊರಿನಲ್ಲಿದೆ. ಇಲ್ಲದಿರುವುದು ಮಾಡುವ ಮನಸ್ಸು ಮಾತ್ರ.

ಬೇಲಿಯ ಕತೆ

ಮೊದಲು ನಮ್ಮ ಕತೆಯನ್ನೇ ಹೇಳಿಕೊಳ್ಳೋಣ. ಕನ್ನಡ ಚಳವಳಿ ಮತ್ತು ಕನ್ನಡ ಸಿನಿಮಾದ ಸಂಬಂಧ ಹಳೆಯದು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದ ಹಿರಿಯರು ಡಬ್ಬಿಂಗ್ ವಿರುದ್ಧ ಬೀದಿಗಿಳಿದರು. ಅಂದು ಕನ್ನಡ ಚಿತ್ರರಂಗ ಇನ್ನೂ ಮದರಾಸಿನ ಸ್ಟುಡಿಯೋಗಳ ಬಾಗಿಲಲ್ಲಿ ಕಾಯುತ್ತಿದ್ದ ಕೂಸು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಅಂಟಿಸಿ ಸುರಿದಿದ್ದರೆ ಆ ಕೂಸು ಉಸಿರುಗಟ್ಟುತ್ತಿತ್ತು. ಹಿರಿಯರು ಬೇಲಿ ಹಾಕಿದ್ದು ಸರಿಯಾಗಿತ್ತು. ಬೇಲಿಯೊಳಗೆ ಬೆಳೆ ಬಂತು. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಬೀದಿಗೆ ಬಂದಾಗ ನಾಡು ಅವರ ಹಿಂದೆ ನಡೆದದ್ದು ಆ ಬೆಳೆಯ ಫಲ.

ಆದರೆ ಬೇಲಿ ಹಾಕಿದ ಮೇಲೆ ಒಳಗೆ ನಾವೇನು ಮಾಡಿದೆವು? ಡಬ್ಬಿಂಗ್ ಬೇಡ ಎಂದ ಗಾಂಧಿನಗರದ ಎಷ್ಟೋ ನಿರ್ಮಾಪಕರು ಅದೇ ಬೇಲಿಯ ನೆರಳಿನಲ್ಲಿ ಕುಳಿತು ರೀಮೇಕ್ ಹೊಲಿದರು. ಮದರಾಸಿನ ಕತೆ, ಹೈದರಾಬಾದಿನ ಫೈಟು, ಬೊಂಬಾಯಿಯ ಟ್ಯೂನು, ಹೆಸರು ಮಾತ್ರ ಕನ್ನಡದ್ದು. ಧ್ವನಿ ಅಂಟಿಸುವುದು ದ್ರೋಹವಾದರೆ ಇಡೀ ಮನೆಯನ್ನೇ ಹೊತ್ತು ತಂದು ಇಲ್ಲಿ ಸುಣ್ಣ ಬಳಿಯುವುದು ಯಾವ ಸೇವೆ? ನಾವು ಅದನ್ನು ಗಟ್ಟಿಯಾಗಿ ಕೇಳಲಿಲ್ಲ. ಕೇಳಿದವರ ದನಿ ಥಿಯೇಟರಿನ ಸಿಳ್ಳೆಯಲ್ಲಿ ಕೇಳಿಸಲೂ ಇಲ್ಲ.

ಈಗ ಬೇಲಿಯೂ ಹೋಯಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಿತು. 2017ರಲ್ಲಿ ದಶಕಗಳ ನಂತರ ಡಬ್ಬಿಂಗ್ ಚಿತ್ರ ನಮ್ಮ ಥಿಯೇಟರಿಗೆ ಬಂತು. ಇವತ್ತು ಕೈಯೊಳಗಿನ ಮೊಬೈಲಿನಲ್ಲಿ ಜಗತ್ತಿನ ಸಿನಿಮಾವೇ ತೆರೆದು ಕುಳಿತಿದೆ. ಅದಕ್ಕೆ ಬೇಲಿ ಕಟ್ಟುವ ಗೂಟ ಯಾರ ಬಳಿಯೂ ಇಲ್ಲ. ಆದ್ದರಿಂದ ಈಗ ಉಳಿದಿರುವ ಪ್ರಶ್ನೆ ಒಂದೇ: ನಮ್ಮ ಹೊಲದಲ್ಲಿ ನಮ್ಮ ಬೀಜ ಬಿತ್ತಿದವರು ಯಾರು, ಅವರಿಂದ ಕಲಿಯಬೇಕಾದದ್ದೇನು?

ಸೈಡಿನಲ್ಲಿದ್ದವನು ನಡುವೆ ಬಂದ

ಬಿತ್ತಿದವರು ಹಲವರಿದ್ದಾರೆ. ಪುಟ್ಟಣ್ಣ ಇದ್ದಾರೆ, ಶಂಕರ್‌ನಾಗ್ ಇದ್ದಾರೆ. ನಗೆಯ ಮಟ್ಟಿಗೇ ಹೇಳಿದರೆ, ಒಂದೂ ಮಾತಿಲ್ಲದೆ 1987ರಲ್ಲಿ 'ಪುಷ್ಪಕ ವಿಮಾನ' ಹಾರಿಸಿದ ಸಿಂಗೀತಂ ಶ್ರೀನಿವಾಸರಾವ್ ಇದ್ದಾರೆ, 1990ರಲ್ಲಿ 'ಗಣೇಶನ ಮದುವೆ' ಮಾಡಿಸಿದ ಫಣಿ ರಾಮಚಂದ್ರ ಇದ್ದಾರೆ. ಇವರ ನಡುವೆ ಕಾಶೀನಾಥರನ್ನೇ ಏಕೆ ಹಿಡಿದೆವು ಎಂದರೆ, ಅವರ ಬಳಿ ಏನೂ ಇರಲಿಲ್ಲ. ಸ್ಟಾರ್ ಇರಲಿಲ್ಲ, ಹೀರೋಗೆ ಬೇಕಾದ ಮೈಕಟ್ಟು ಇರಲಿಲ್ಲ, ದೊಡ್ಡ ಬಂಡವಾಳವೂ ಇರಲಿಲ್ಲ. ಇದ್ದದ್ದು ಕತೆ, ತಲೆ, ಮತ್ತು ತನ್ನನ್ನು ನೋಡಿ ಜನ ನಕ್ಕರೆ ನಗಲಿ ಎಂಬ ಧೈರ್ಯ.

1976ರಲ್ಲಿ 'ಅಪರೂಪದ ಅತಿಥಿಗಳು' ಎಂಬ ಹಾಸ್ಯಚಿತ್ರದಿಂದ ಅವರು ನಿರ್ದೇಶಕರಾದರು. ಆಗ ಅವರ ವಯಸ್ಸು 25. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಜನರ ವಯಸ್ಸೂ ಅದೇ. 1978ರಲ್ಲಿ 'ಅಪರಿಚಿತ' ಬಂತು. ಅದು ಹಾಸ್ಯವಲ್ಲ, ಕುರ್ಚಿಯ ತುದಿಗೆ ತಂದು ಕೂರಿಸುವ ಸಸ್ಪೆನ್ಸ್. ಸುರೇಶ್ ಹೆಬ್ಳೀಕರ್, ಶೋಭಾ ಅಭಿನಯಿಸಿದ ಆ ಚಿತ್ರದಲ್ಲಿ ಫೈಟು ಕುಣಿತಗಳ ಭರಾಟೆಯಿಲ್ಲ. ಕತೆ ಗಟ್ಟಿಯಾಗಿದ್ದರೆ ಜನ ಬರುತ್ತಾರೆ ಎಂಬ ಪಾಠ ಕಾಶೀನಾಥರಿಗೆ ಅಲ್ಲೇ ಸಿಕ್ಕಿರಬೇಕು.

ಆಮೇಲೆ 1984ರಲ್ಲಿ 'ಅನುಭವ'. ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರಿರದ ಕಾಲ ಅದು. ಪರದೆಯ ಮೇಲೆ ಹೀರೋ ಎಂದರೆ ಹತ್ತು ಜನರನ್ನು ಹೊಡೆದುರುಳಿಸುವವನು, ಹೆಣ್ಣಿನ ಮಾನ ಕಾಯುವವನು, ಭಾಷಣ ಮಾಡುವವನು. ನಗಿಸುವವನು ಬೇರೆ. ಅವನು ಹೀರೋನ ಪಕ್ಕದಲ್ಲಿ ನಿಂತು, ಕತೆ ಸ್ವಲ್ಪ ಸುಸ್ತಾದಾಗ ಬಂದು ನಗಿಸಿ ಹೋಗಬೇಕು. ನರಸಿಂಹರಾಜು, ಬಾಲಕೃಷ್ಣರಂಥ ದೈತ್ಯ ಪ್ರತಿಭೆಗಳಿಗೂ ಬಹುಪಾಲು ಚಿತ್ರಗಳಲ್ಲಿ ಸಿಕ್ಕಿದ್ದು ಆ ಪಕ್ಕದ ಜಾಗವೇ. 'ಅನುಭವ'ದಲ್ಲಿ ಕಾಶೀನಾಥ್ ಆ ಪಕ್ಕದವನನ್ನು ಎಳೆದು ತಂದು ನಡುವೆ ನಿಲ್ಲಿಸಿದರು, ಆ ಪಾತ್ರವನ್ನು ತಾವೇ ಮಾಡಿದರು. ಹೊಡೆದಾಡಲು ಬಾರದ, ಹೆಣ್ಣಿನ ಮುಂದೆ ಬೆವರುವ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನಟಿಸಲು ಹೋಗಿ ಸಿಕ್ಕಿಬೀಳುವ ಸಾಮಾನ್ಯ ಕನ್ನಡದ ಹುಡುಗ. ಗಾಂಧಿ ಕ್ಲಾಸಿನಲ್ಲಿ ಕುಳಿತ ಹುಡುಗನಿಗೆ ಪರದೆಯ ಮೇಲೆ ಕಂಡದ್ದು ತನ್ನದೇ ಮುಖ.

ವಸ್ತು ಏನು? ಮದುವೆ ಮಾಡಿ ಕೋಣೆಯೊಳಗೆ ದಬ್ಬುತ್ತಾರೆ. ದಾಂಪತ್ಯ ಎಂದರೇನು ಎಂದು ಗಂಡಿಗೂ ಯಾರೂ ಹೇಳಿರುವುದಿಲ್ಲ, ಹೆಣ್ಣಿಗೂ ಹೇಳಿರುವುದಿಲ್ಲ. ಮನೆಯಲ್ಲಿ ಹೇಳಿದರೆ ನಾಚಿಕೆ, ಶಾಲೆಯಲ್ಲಿ ಹೇಳಿದರೆ ಗಲಾಟೆ. ನಮ್ಮ ಸಮಾಜ ಮುಚ್ಚಿ ಇಟ್ಟಿದ್ದ ಆ ಅಜ್ಞಾನವನ್ನು ಭಾಷಣ ಮಾಡಿ ಹೇಳಿದ್ದರೆ ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ನಗಿಸುತ್ತಾ ಹೇಳಿದರು, ಜನ ಕ್ಯೂ ನಿಂತರು.

1988ರ 'ಅವಳೇ ನನ್ನ ಹೆಂಡ್ತಿ' ನೋಡಿ. ನಿರ್ದೇಶನ ಉಮೇಶ್-ಪ್ರಭಾಕರ್ ಅವರದು, ಸಂಗೀತ ಹಂಸಲೇಖ ಅವರದು, ಆದರೆ ಚಿತ್ರದ ಉಸಿರು ಕಾಶೀನಾಥರ ದಾರಿಯದು. ವಸ್ತು ವರದಕ್ಷಿಣೆ. ನಮ್ಮ ಊರುಗಳಲ್ಲಿ ಡಾಕ್ಟರು ಗಂಡಿಗೆ ಇಷ್ಟು, ಎಂಜಿನಿಯರು ಗಂಡಿಗೆ ಅಷ್ಟು, ಸೈಟು ಬೇರೆ, ಕಾರು ಬೇರೆ ಎಂದು ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಹಾಗೆ ಹರಾಜು ಕೂಗುತ್ತಾರಲ್ಲ, ಅದೇ ವಿಷಯ. ಅದನ್ನು ನಗೆಯ ಸೂಜಿಯಿಂದ ಚುಚ್ಚಿದರು. ಚುಚ್ಚಿದ್ದು ನೋವಾಗುವ ಹೊತ್ತಿಗೆ ಸೂಜಿ ಒಳಗೆ ಹೋಗಿರುತ್ತಿತ್ತು. ನಂತರ ಅವರದೇ ನಿರ್ದೇಶನದ 'ಅನಂತನ ಅವಾಂತರ' 1989ರಲ್ಲಿ, 'ಅಜಗಜಾಂತರ' 1991ರಲ್ಲಿ ಬಂದವು.

ಈಗ ಚಳವಳಿಯವರು ಎದೆ ತಟ್ಟಿ ಹೇಳಬೇಕಾದ ಮಾತು. ನಾವು ಪರಭಾಷೆಯಿಂದ ಕತೆ ತರುತ್ತಿದ್ದ ಆ ದಿನಗಳಲ್ಲೇ ಈ ಮನುಷ್ಯನ ಕತೆಗಳು ಬೊಂಬಾಯಿಗೆ ಹೋದವು. 'ಅಪರಿಚಿತ'ವನ್ನು ಹಿಂದಿಯಲ್ಲಿ 'ಬೇಷಕ್' ಎಂದು 1981ರಲ್ಲಿ ಅವರೇ ಮಾಡಿದರು, ಮಿಥುನ್ ಚಕ್ರವರ್ತಿ ನಾಯಕ. 'ಅನುಭವ' 1986ರಲ್ಲಿ ಹಿಂದಿಯ 'ಅನುಭವ್' ಆಯಿತು, ಅದನ್ನೂ ಅವರೇ ನಿರ್ದೇಶಿಸಿದರು, ಶೇಖರ್ ಸುಮನ್ ನಾಯಕ. 'ಅವಳೇ ನನ್ನ ಹೆಂಡ್ತಿ' 1990ರಲ್ಲಿ 'ಜವಾನಿ ಜಿಂದಾಬಾದ್' ಆಯಿತು, ಅದರಲ್ಲಿದ್ದದ್ದು ಆಮೀರ್ ಖಾನ್. ಇದನ್ನು ಮತ್ತೊಮ್ಮೆ ಓದಿಕೊಳ್ಳಿ. ಕನ್ನಡದ ಒಬ್ಬ ಸಣಕಲ ಆಡಿದ ಆಟವನ್ನು ಹಿಂದಿಯ ಹೀರೋಗಳು ಮತ್ತೆ ಆಡಿದರು. ಹಿಂದಿ ಹೇರಿಕೆಗೆ ಇದಕ್ಕಿಂತ ಮರ್ಯಾದೆಯ ಉತ್ತರ ಬೇರೆ ಯಾವುದಿದೆ?

ಸಿಪ್ಪೆ ಮತ್ತು ತಿರುಳು

ಇಲ್ಲಿಗೆ ಒಬ್ಬ ಓದುಗ ಕೈ ಎತ್ತುತ್ತಾನೆ ಎಂದು ನಮಗೆ ಗೊತ್ತು. ಸ್ವಾಮಿ, ಕಾಶೀನಾಥ್ ಎಂದರೆ ಡಬ್ಬಲ್ ಮೀನಿಂಗ್ ಅಲ್ಲವೇ? ಮನೆಮಂದಿಯೆಲ್ಲ ಕೂತು ನೋಡುವಂಥದ್ದೇ ಅದು?

ಪ್ರಶ್ನೆ ನ್ಯಾಯವಾದದ್ದು. ಮುಚ್ಚಿಡುವುದು ಬೇಡ. ಅವರ ಚಿತ್ರಗಳಲ್ಲಿ ದ್ವಂದ್ವಾರ್ಥ ಇದೆ, ಧಾರಾಳವಾಗಿಯೇ ಇದೆ. ಕೆಲವು ಚಿತ್ರಗಳಲ್ಲಿ ವಸ್ತು ಸೋತು ಬರೀ ಪೋಲಿ ಮಾತೇ ಗೆದ್ದಿದೆ. ಹೆಣ್ಣನ್ನು ನಗೆಯ ಸರಕಾಗಿಸಿದ ಕಡೆಗಳೂ ಇವೆ. ಇವತ್ತಿನ ನಮ್ಮ ಹೆಣ್ಣುಮಕ್ಕಳು ಅವನ್ನು ನೋಡಿ ಮುಖ ತಿರುಗಿಸಿದರೆ ಅವರನ್ನು ಮಡಿವಂತರು ಎಂದು ಜರೆಯುವ ಹಕ್ಕು ನಮಗಿಲ್ಲ. ಅಭಿಮಾನಕ್ಕಾಗಿ ಸುಳ್ಳು ಹೇಳುವುದು ಚಳವಳಿಯಲ್ಲ.

ಆದರೆ ಎರಡು ಮಾತನ್ನು ತಕ್ಕಡಿಗೆ ಹಾಕಿ. ಒಂದು, ಅವರ ಒಳ್ಳೆಯ ಚಿತ್ರಗಳಲ್ಲಿ ನಗೆಯ ಬಾಣ ಮೊದಲು ಹೋಗಿ ನಾಟುವುದು ಗಂಡಸಿಗೆ. ಅವನ ಅಹಂಕಾರಕ್ಕೆ, ಅವನ ಅಜ್ಞಾನಕ್ಕೆ, ಮೀಸೆ ಇದೆ ಎಂಬ ಒಂದೇ ಕಾರಣಕ್ಕೆ ಅವನು ಕೇಳುವ ಬೆಲೆಗೆ. ಎರಡು, ಅವರ ಹಿಂದೆ ಬಂದ ಅನುಕರಣೆಯವರು ಹೊತ್ತೊಯ್ದದ್ದು ಸಿಪ್ಪೆಯನ್ನು, ತಿರುಳನ್ನು ಅಲ್ಲಿಯೇ ಬಿಟ್ಟರು. ಡಬ್ಬಲ್ ಮೀನಿಂಗ್ ಸುಲಭ, ಅದಕ್ಕೆ ಒಂದು ಬಾಳೆಹಣ್ಣು ಸಾಕು. ಮೀನಿಂಗೇ ಇರುವ ಕತೆ ಕಷ್ಟ.

ಇನ್ನೊಂದು ನಿದರ್ಶನ ಕೊಡುತ್ತೇವೆ. 'ಅನುಭವ'ದಿಂದ ಜನರ ಬಾಯಿಗೆ ಬಂದ ಹೆಸರು ಉಮಾಶ್ರೀ. ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ ಸಾಕವ್ವನಾಗಿ ರಂಗವನ್ನೇ ನಡುಗಿಸಿದ ಕಲಾವಿದೆ ಅವರು. ಆದರೆ ಸಿನಿಮಾದ ಪೋಲಿ ಪಾತ್ರಗಳನ್ನಷ್ಟೇ ಕಂಡ ಜನ ಅವರನ್ನು ವರ್ಷಗಟ್ಟಲೆ ಬೇರೆಯದೇ ಹೆಸರಿನಿಂದ ಕರೆದರು. ಅದೇ ಉಮಾಶ್ರೀ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದರು. 2013ರಲ್ಲಿ ಇದೇ ನಾಡಿನ ಕನ್ನಡ ಮತ್ತು ಸಂಸ್ಕೃತಿ ಸಚಿವೆಯಾದರು. ಸಂಸ್ಕೃತಿಯ ಹೆಸರಿನಲ್ಲಿ ಮೂಗು ಮುರಿದವರು ಆಮೇಲೆ ಅನುದಾನದ ಅರ್ಜಿ ಹಿಡಿದು ನಿಂತದ್ದು ಅವರ ಇಲಾಖೆಯ ಬಾಗಿಲಲ್ಲೇ. ನಗೆಯನ್ನು ಕೀಳು ಎಂದು ತಿಳಿದವರಿಗೆ ಕಾಲವೇ ಹೇಳಿದ ಜೋಕು ಇದು.

ಯಂತ್ರ ಮಾಡುವ ಯಂತ್ರ

ಹರಿಹರದ ಓದುಗರಿಗೆ ಈ ಭಾಗ ಬೇಗ ತಿಳಿಯುತ್ತದೆ. ನಿಮ್ಮ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದುದು ಲೇತ್. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು, ಆದರೆ ಅಲ್ಲಿ ದುಡಿದವರ ಮನೆಗಳು ಇವೆ. ಆ ಮನೆಯ ಅಜ್ಜನನ್ನು ಕೇಳಿ, ಲೇತಿಗೂ ಉಳಿದ ಯಂತ್ರಕ್ಕೂ ಏನು ವ್ಯತ್ಯಾಸ ಎಂದು. ಉಳಿದ ಯಂತ್ರ ಸಾಮಾನು ಮಾಡುತ್ತದೆ, ಲೇತ್ ಯಂತ್ರವನ್ನೇ ಮಾಡುತ್ತದೆ ಎನ್ನುತ್ತಾನೆ. ಒಂದು ಊರಿನಲ್ಲಿ ಲೇತ್ ಇದ್ದರೆ ಮುರಿದ ಬಿಡಿಭಾಗಕ್ಕೆ ಹೊರಗಿನವನ ಮುಂದೆ ಕೈ ಒಡ್ಡುವುದು ತಪ್ಪುತ್ತದೆ.

ಕಾಶೀನಾಥ್ ಕನ್ನಡ ಚಿತ್ರರಂಗದ ಲೇತ್. ಅವರ ಚಿತ್ರಗಳ ಲೆಕ್ಕಕ್ಕಿಂತ ಅವರ ಬಳಿ ತಿರುಗಿ ಹದವಾಗಿ ಹೊರಬಂದವರ ಲೆಕ್ಕ ದೊಡ್ಡದು. ಸುನೀಲ್‌ಕುಮಾರ್ ದೇಸಾಯಿ ಅವರ ಗರಡಿಯಲ್ಲಿ ಪಳಗಿದವರು. 1989ರಲ್ಲಿ ಹಾಡೇ ಇಲ್ಲದ 'ತರ್ಕ' ಮಾಡಿ ಗೆದ್ದರು. ವಿಟ್ಲದ ಕಡೆಯಿಂದ ಬಂದ ವಿ. ಮನೋಹರ್ ಅಲ್ಲಿ ಹಾಡು ಬರೆದು, ಮುಂದೆ ಸಂಗೀತ ನಿರ್ದೇಶಕರಾದರು. ಅಭಿನಯಾ ಅಲ್ಲಿಂದ ಬಂದರು. ಮತ್ತು ಉಪೇಂದ್ರ. ಕಾಶೀನಾಥರ ಬಳಿ ಸಹಾಯಕನಾಗಿ, ಸಂಭಾಷಣೆ, ಹಾಡು ಬರೆಯುತ್ತಾ, ಸಣ್ಣ ಪಾತ್ರಗಳಲ್ಲಿ ಮುಖ ತೋರಿಸುತ್ತಾ ಇದ್ದ ಹುಡುಗ 1992ರಲ್ಲಿ ಜಗ್ಗೇಶರನ್ನು ಹಾಕಿಕೊಂಡು 'ತರ್ಲೆ ನನ್ಮಗ' ಮಾಡಿದ. ಮನೋಹರ್ ಸಂಗೀತ ನಿರ್ದೇಶಕರಾದದ್ದೂ ಅದೇ ಚಿತ್ರದಲ್ಲಿ. 1993ರ 'ಶ್!' ಚಿತ್ರದಲ್ಲಿ ಶಿಷ್ಯನ ಕ್ಯಾಮೆರಾದ ಮುಂದೆ ಗುರುವೇ ಬಂದು ನಿಂತರು. 1995ರಲ್ಲಿ 'ಓಂ', 1998ರಲ್ಲಿ 'ಎ', 1999ರಲ್ಲಿ 'ಉಪೇಂದ್ರ'. ಕನ್ನಡದ ಪ್ರೇಕ್ಷಕ ತಲೆಕೆಳಗಾಗಿ ನಿಂತು ಸಿನಿಮಾ ನೋಡುವುದನ್ನು ಕಲಿತ.

ಗಮನಿಸಿ. ದೇಸಾಯಿಯವರ ಚಿತ್ರ ಕಾಶೀನಾಥರ ಚಿತ್ರದ ಹಾಗಿಲ್ಲ. ಉಪೇಂದ್ರರ ಚಿತ್ರ ಇಬ್ಬರ ಹಾಗೂ ಇಲ್ಲ. ಗುರು ತನ್ನ ಅಚ್ಚು ಒತ್ತಿ ಕಳಿಸಲಿಲ್ಲ, ಅವರವರ ಲೋಹಕ್ಕೆ ತಕ್ಕ ಹದ ಕೊಟ್ಟು ಕಳಿಸಿದರು. ಚಿತ್ರರಂಗದಲ್ಲಿ ದೊಡ್ಡವರು ಬೆಳೆದಂತೆ ಪಕ್ಕದವರ ನೆರಳು ಕಂಡರೆ ಬೆದರುತ್ತಾರೆ. ಈ ಮನುಷ್ಯ ತನ್ನ ಸಹಾಯಕ ತನಗಿಂತ ಹತ್ತು ಪಟ್ಟು ದೊಡ್ಡವನಾದರೂ ಅವನ ಸೆಟ್ಟಿಗೆ ಹೋಗಿ ಪಾತ್ರ ಮಾಡಿ ಬಂದರು. 2017ರ 'ಚೌಕ' ಚಿತ್ರದಲ್ಲೂ ಹಾಗೆಯೇ, ಹೊಸ ನಿರ್ದೇಶಕನ ಕೈಯಲ್ಲಿ ತಂದೆಯ ಪಾತ್ರವಾಗಿ ನಿಂತು, ಜೀವನಪೂರ್ತಿ ನಗಿಸಿದ ಜನರ ಕಣ್ಣಲ್ಲಿ ನೀರು ತರಿಸಿದರು. ಮರುವರ್ಷ ಹೋಗಿಬಿಟ್ಟರು.

ಈಗ ನಮ್ಮ ಸಂಘಟನೆಗಳನ್ನು ಕೇಳಿಕೊಳ್ಳಬೇಕು. ನಮ್ಮಲ್ಲಿ ಎಷ್ಟು ಲೇತ್‌ಗಳಿವೆ? ಫ್ಲೆಕ್ಸಿನಲ್ಲಿ ಮುಖ ದೊಡ್ಡದು ಮಾಡಿಕೊಂಡವರು ಬಹಳ. ಇಬ್ಬರು ಹುಡುಗರನ್ನು ಬರಹಗಾರರನ್ನಾಗಿಯೋ ನಟರನ್ನಾಗಿಯೋ ತಯಾರು ಮಾಡಿದ ನಾಯಕರು ಎಷ್ಟು?

ದಾವಣಗೆರೆಯ ಬಾಯಿ

ಇನ್ನು ನಿಮ್ಮ ಊರಿಗೆ ಬರೋಣ. ದಾವಣಗೆರೆಯವರು ಸಿನಿಮಾ ನಾಟಕದ ಹುಚ್ಚಿಗೆ ಹೊಸಬರಲ್ಲ. ಒಂದು ರೈಲ್ವೆ ಗೇಟಿಗೇ ಅಶೋಕ ಟಾಕೀಸಿನ ಹೆಸರಿಟ್ಟು ಕರೆದ ಜನ ನೀವು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಕಾಲದಲ್ಲಿ ಹತ್ತಿ ಗಿರಣಿಯ ಶಿಫ್ಟು ಮುಗಿಸಿ, ಕೂದಲಲ್ಲಿ ಅರಳೆ ಇರುವಾಗಲೇ ಸೆಕೆಂಡ್ ಶೋಗೆ ಹೋದವರ ಮೊಮ್ಮಕ್ಕಳು ನೀವು.

ಅದಕ್ಕೂ ಹಿಂದೆ ಇದು ನಾಟಕ ಕಂಪನಿಯ ಊರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು ಚಿಂದೋಡಿ ಲೀಲಾ ಆ ಕಂಪನಿಯನ್ನು ಹೆಗಲ ಮೇಲೆ ಹೊತ್ತು ಊರೂರು ಸುತ್ತಿದರು, 'ಪೊಲೀಸನ ಮಗಳು' ನಾಟಕದಿಂದ ಮನೆಮಾತಾದರು, ಪದ್ಮಶ್ರೀ ಪಡೆದರು, 2010ರಲ್ಲಿ ತೀರಿಕೊಂಡರು. ಕಂಪನಿ ನಾಟಕದಲ್ಲಿ ನಗಿಸುವವನಿಗೆ ಬರೆದುಕೊಟ್ಟ ಮಾತು ಕಡಿಮೆ. ಕ್ಯಾಂಪು ಹಾಕಿದ ಊರಿನ ಮಾತು, ಆ ಊರಿನ ಸಾಹುಕಾರನ ನಡಿಗೆ, ಆ ವಾರದ ಗಲಾಟೆ ಎಲ್ಲವನ್ನೂ ಸಂಜೆಯ ಹೊತ್ತಿಗೆ ನಾಲಿಗೆಗೆ ಏರಿಸಿಕೊಂಡು ಸ್ಟೇಜಿಗೆ ಬರುತ್ತಿದ್ದ. ಪುಸ್ತಕದ ಕನ್ನಡದಲ್ಲಿ ಯಾರೂ ನಗಲಿಲ್ಲ, ಊರಿನ ಕನ್ನಡದಲ್ಲಿ ನಕ್ಕರು.

ಆ ಊರಿನ ಕನ್ನಡದ ಗತಿ ಈಗ ಏನಾಗಿದೆ? ದಾವಣಗೆರೆ ಕರ್ನಾಟಕದ ನಡುವೆ ಕೂತ ಊರು. ಇತ್ತ ಚಿತ್ರದುರ್ಗದ ಬಯಲುಸೀಮೆ, ಅತ್ತ ಹೊನ್ನಾಳಿ ದಾಟಿದರೆ ಮಲೆನಾಡಿನ ಗಾಳಿ. ಹರಿಹರದ ಸೇತುವೆಯ ಮೇಲೆ ತುಂಗಭದ್ರೆ ದಾಟಿ ಕುಮಾರಪಟ್ಟಣಕ್ಕೆ ಕಾಲಿಟ್ಟರೆ ಮಾತಿನ ರಾಗವೇ ಬದಲಾಗುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಉರ್ದು ಬೆರೆತ ಕನ್ನಡ, ತಾಂಡಾದಲ್ಲಿ ಲಂಬಾಣಿ ಬೆರೆತ ಕನ್ನಡ, ಪೇಟೆಯಲ್ಲಿ ವ್ಯಾಪಾರದ ಕನ್ನಡ. ಇಷ್ಟು ರುಚಿಯ ಮಾತು ಇರುವ ಊರಿನ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, "ಏನ್ಲೇ" ಎಂದದ್ದಕ್ಕೆ ಆಫೀಸಿನಲ್ಲಿ ನಕ್ಕರೆಂದು ನಾಚಿಕೊಂಡು, ಆರು ತಿಂಗಳಲ್ಲಿ ಟೀವಿಯ ಕನ್ನಡ ಕಲಿತು ಬರುತ್ತಾನೆ. ಸಿನಿಮಾದಲ್ಲೂ ಅಷ್ಟೇ. ಉತ್ತರದ ಮಾತು, ನಡುನಾಡಿನ ಮಾತು ಬಂತೆಂದರೆ ಅದು ಬಹಳ ಸಲ ವಾಚ್‌ಮನ್ನನ ಬಾಯಲ್ಲಿ, ಅಡುಗೆಯವನ ಬಾಯಲ್ಲಿ, ಪೆದ್ದನ ಬಾಯಲ್ಲಿ. ಹಿಂದಿಯವನು ನಮ್ಮನ್ನು ಕೀಳಾಗಿ ಕಂಡರೆ ಬೀದಿಗಿಳಿಯುವ ನಾವು, ಕನ್ನಡದೊಳಗೆ ಒಂದು ಕನ್ನಡ ಇನ್ನೊಂದು ಕನ್ನಡವನ್ನು ಕೀಳಾಗಿ ಕಂಡಾಗ ಪಾಪ್‌ಕಾರ್ನ್ ತಿನ್ನುತ್ತಾ ಕೂರುತ್ತೇವೆ. ಇದು ನ್ಯಾಯವೇ?

ನಗುವುದು ಬೇರೆ, ನಗೆಪಾಟಲು ಮಾಡುವುದು ಬೇರೆ. ಈ ವ್ಯತ್ಯಾಸ ತಿಳಿಯಲು ಕಾಶೀನಾಥರಿಗೆ ಮರಳಬೇಕು. ನಿಮ್ಮ ಮಾತಿನವನನ್ನು ನೋಡಿ ಪರರು ನಕ್ಕರೆ ಅದು ಅವಮಾನ. ನಿಮ್ಮ ಮಾತಿನವನೇ ಕತೆಯ ನಡುವೆ ನಿಂತು, ತನ್ನನ್ನು ತಾನೇ ಲೇವಡಿ ಮಾಡಿಕೊಂಡು, ಕೊನೆಗೆ ನೋಡುವವನ ಕಣ್ಣಿಗೇ ಕನ್ನಡಿ ಹಿಡಿದರೆ ಅದು ಹಾಸ್ಯ. ಹೊಸ ತಲೆಮಾರಿನ ಕೆಲವರು ಇದನ್ನು ಹಿಡಿದಿದ್ದಾರೆ. ಮಂಡ್ಯದ ಹಳ್ಳಿಯ ಜನರನ್ನೇ ನಟರನ್ನಾಗಿ ಮಾಡಿ, ಅವರ ಮಾತಿನಲ್ಲೇ ತೆಗೆದ 'ತಿಥಿ' 2015ರಲ್ಲಿ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. 2017ರ 'ಒಂದು ಮೊಟ್ಟೆಯ ಕಥೆ'ಯಲ್ಲಿ ರಾಜ್ ಬಿ. ಶೆಟ್ಟಿ ತಮ್ಮ ಬೋಳು ತಲೆಯನ್ನೇ ಕತೆ ಮಾಡಿ, ಮಂಗಳೂರಿನ ಕನ್ನಡದಲ್ಲಿ ನಗಿಸಿದರು. 2018ರಲ್ಲಿ ರಿಷಬ್ ಶೆಟ್ಟಿಯವರು ಕಾಸರಗೋಡಿನ ಒಂದು ಕನ್ನಡ ಶಾಲೆ ಮುಚ್ಚುವ ಕತೆಯನ್ನು ನಗಿಸುತ್ತಲೇ ಹೇಳಿ ರಾಷ್ಟ್ರಪ್ರಶಸ್ತಿ ತಂದರು. ಗಡಿನಾಡಿನ ಕನ್ನಡದ ಬಗ್ಗೆ ನಾವು ಹೊರಡಿಸಿದ ಕರಪತ್ರಗಳನ್ನು ಓದಿದವರು ಎಷ್ಟು, ಆ ಚಿತ್ರ ನೋಡಿ ನಕ್ಕು ಅತ್ತವರು ಎಷ್ಟು, ನೀವೇ ಹೇಳಿ.

ಮಂಡ್ಯಕ್ಕೆ ಬಂತು, ಮಂಗಳೂರಿಗೆ ಬಂತು, ಕಾಸರಗೋಡಿಗೂ ಬಂತು. ದಾವಣಗೆರೆ ಹರಿಹರದ ಮಾತು ಪರದೆಯ ನಡುವೆ ನಿಲ್ಲುವುದು ಯಾವಾಗ? ಯಾರೋ ಬಂದು ಮಾಡಲಿ ಎಂದು ಕಾಯುತ್ತೀರಾ?

ಮಾಡಬೇಕಾದದ್ದು ಇಷ್ಟು. 2024ರಲ್ಲಿ ನ್ಯಾಯವಾಗಿ ಬಂದ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು. ಅದನ್ನು ಜಾರಿ ಮಾಡಿಸುವ ಹೋರಾಟ ನಡೆಯಲಿ, ಅದರಿಂದ ಒಂದು ಹೆಜ್ಜೆ ಹಿಂದೆ ಸರಿಯುವುದು ಬೇಡ. ಆದರೆ ಈ ಸಲ ರಾಜ್ಯೋತ್ಸವಕ್ಕೆ ನೀವು ಎತ್ತುವ ಚಂದಾ ಹಣದಲ್ಲಿ ಆರ್ಕೆಸ್ಟ್ರಾಕ್ಕೆ ಕೊಡುವ ಅರ್ಧವನ್ನು ತೆಗೆದಿಡಿ. ಕಾಲೇಜಿನ ಹುಡುಗ ಹುಡುಗಿಯರನ್ನು ಕರೆಯಿರಿ. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೂ ಇದೆ, ಕಾಶೀನಾಥರಿಗೆ 25ನೇ ವಯಸ್ಸಿನಲ್ಲಿ ಅದು ಇರಲಿಲ್ಲ. ಹತ್ತು ನಿಮಿಷದ ನಗೆಚಿತ್ರವೋ, ಅರ್ಧ ಗಂಟೆಯ ನಾಟಕವೋ ಮಾಡಿಸಿ. ಮೂರೇ ಮೂರು ಷರತ್ತು ಹಾಕಿ. ಕತೆ ಸ್ವಂತದ್ದಾಗಿರಬೇಕು, ಯಾವ ಭಾಷೆಯಿಂದಲೂ ಕದ್ದದ್ದಾಗಬಾರದು. ಮೊದಲ ಜೋಕು ಮಾಡುವವನ ಮೇಲೆಯೇ ಬೀಳಬೇಕು. ಹೆಣ್ಣಿನ ಮೇಲೆ, ಬಡವನ ಮೇಲೆ, ಇನ್ನೊಬ್ಬರ ಮಾತಿನ ಮೇಲೆ ಅಲ್ಲ. ಮೂರನೆಯದು, ಈ ವರ್ಷ ಮಾಡಿದವನು ಮುಂದಿನ ವರ್ಷಕ್ಕೆ ಇಬ್ಬರು ಹೊಸಬರನ್ನು ತಯಾರು ಮಾಡಿಯೇ ವೇದಿಕೆ ಬಿಡಬೇಕು.

ವಿಷಯ ಬೇಕೇ? ಸುತ್ತ ನೋಡಿ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಕೂತು ಗಂಡಿನ ರೇಟು ಮಾತಾಡುವ ಹಿರಿಯರಿದ್ದಾರೆ. ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿ ಬಂದು ನಮ್ಮ ವೇದಿಕೆಯಲ್ಲೇ ಕನ್ನಡ ಉಳಿಸಿ ಎಂದು ಭಾಷಣ ಮಾಡುವ ಮುಖಂಡರಿದ್ದಾರೆ. ನವೆಂಬರಿನಲ್ಲಿ ಕೆಂಪು ಹಳದಿ ಶಾಲು, ಡಿಸೆಂಬರಿನಲ್ಲಿ ನಾಪತ್ತೆಯಾಗುವ ನಾವಿದ್ದೇವೆ. ಮೊದಲು ನಮ್ಮನ್ನೇ ಹಾಸ್ಯ ಮಾಡಿ. ಬೇಸರವಿಲ್ಲ, ಮುಂದಿನ ಸಾಲಿನಲ್ಲಿ ಕೂತು ನೋಡುತ್ತೇವೆ.

ಕಾಶೀನಾಥರ ಫೋಟೋಕ್ಕೆ ಹಾರ ಹಾಕುವುದಕ್ಕಿಂತ ಅದು ಅವರಿಗೆ ಹೆಚ್ಚು ಇಷ್ಟವಾಗುತ್ತಿತ್ತು. ಹೊಲ ಇದೆ, ಬೀಜ ನಿಮ್ಮ ನಾಲಿಗೆಯ ಮೇಲೇ ಇದೆ. ನೇಗಿಲು ಹಿಡಿಯಿರಿ.